ಶುದ್ಧ ಪ್ರತಿ

"ಹದಿನಾಲ್ಕು ತಿಂಗಳಿಗೂ ಒಂದೇ ಪೆನ್ನಾ?"

ಸರ್ಕಾರದ ಸಂಶೋಧನಾ ನಿಧಿಯಿಂದ ಪರಿಶೀಲನೆಗೆ ಬಂದಿದ್ದ ಅಧಿಕಾರಿ ಪ್ರಯೋಗದ ಪುಸ್ತಕ ತಿರುವಿ, ಕನ್ನಡಕವನ್ನು ಹಣೆಗೇರಿಸಿ ಕೇಳಿದಾಗ ಅಣ್ಣ ನಕ್ಕುಬಿಟ್ಟ.

"ನಮ್ಮ ಪುಟ್ಟಿ ಅಕ್ಷರ ಮೇಡಂ. ಮುತ್ತು ಪೋಣಿಸಿದ ಹಾಗೆ. ಇಂಕೂ ದಂಡ ಮಾಡಲ್ಲ."

ಪುಟ್ಟಿ ಎನಿಸಿಕೊಂಡ ಇಪ್ಪತ್ತಾರರ ತಂಗಿ ಕೈತೊಳೆಯುವ ಬೇಸಿನ್ನಿನ ಪಕ್ಕ ನಿಂತು ತೋಳಿನ ಗುಂಡಿ ತಿರುವುತ್ತಿದ್ದಳು. ಟೈರ್ ಅಂಗಡಿಯ ಮೇಲಿನ ಈ ಒಂದೇ ಕೋಣೆ ಅವರ ಕಂಪನಿ. ಅವರಿಬ್ಬರೇ ನೌಕರರು, ಅವರಿಬ್ಬರೇ ಮಾಲೀಕರು. ನೆಲದಡಿಯ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಸದ್ದು ಕೇಳಿಯೇ ಹೇಳುವ ಯಂತ್ರ ಮೇಜಿನ ಮೇಲೆ ಹೆಡ್‌ಫೋನ್ ಸಮೇತ ಕೂತಿತ್ತು.

ಅಧಿಕಾರಿ ನಗಲಿಲ್ಲ. "ಪ್ರಯೋಗ ಒಂದು, ಯಶಸ್ವಿ. ಎರಡು, ಯಶಸ್ವಿ. ಒಂದು ದಿನವೂ ಕೆಟ್ಟಿಲ್ಲ. ಗೊತ್ತಿಲ್ಲದ್ದನ್ನ ಹುಡುಕೋರಿಗೆ ಈ ನಿಧಿ ಕೊಡೋದು. ನಿಮಗೆ ಮೊದಲ ದಿನವೇ ಎಲ್ಲಾ ಗೊತ್ತಿತ್ತಲ್ಲಪ್ಪ! ಇಲ್ಲಾ, ಇದನ್ನ ಮೊನ್ನೆ ಕೂತು ಬರೆದಿದ್ದೀರಿ. ಎರಡರಲ್ಲಿ ಯಾವುದಾದರೂ ನೀವು ಅನರ್ಹರೇ."

ಅಣ್ಣನ ಮುಖದಲ್ಲಿ ನಗು ಹಾಗೇ ಉಳಿದುಕೊಂಡಿತು, ತೆಗೆಯುವುದು ಮರೆತವರ ಹಾಗೆ. ಐದು ವರ್ಷ ತುಂಬದ ಕಂಪನಿಗಳು ಮಾತ್ರ ಅರ್ಜಿ ಹಾಕಬಹುದು. ಅವರಿಗೆ ಮುಂದಿನ ತಿಂಗಳು ತುಂಬುತ್ತದೆ. ಇದು ಹೋದರೆ ಕೋಣೆಯೂ ಹೋಯಿತು, ಯಂತ್ರವೂ ಹೋಯಿತು.

"ಪುಟ್ಟೀ, ಹಳೇ ಪುಸ್ತಕ ಇತ್ತಲ್ಲ? ಎಣ್ಣೆ ಮೆತ್ತಿದ್ದು? ಎಸೆದುಬಿಟ್ಟೆಯಾ ಏನು ಕಥೆ?"

ಎಸೆದೆ ಎಂದುಬಿಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಅವಳಿಗೆ ದಿನಚರಿ ಬೇರೆ, ಪ್ರಯೋಗದ ಪುಸ್ತಕ ಬೇರೆ ಎಂದು ಇಡಲು ಬರುತ್ತಿರಲಿಲ್ಲ. ಅಳತೆಗಳ ಕೆಳಗೇ ಮನಸ್ಸಿನ ಮಾತು. ಸೋತ ದಿನ ಅದು ಇನ್ನೂ ಉದ್ದ. ಪರರು ಓದುತ್ತಾರೆಂಬ ಸಂಕೋಚಕ್ಕೆ ಆ ಪುಟಗಳನ್ನೇ ಬಿಟ್ಟು ಮೂರು ದಿನ ಕೂತು ಶುದ್ಧ ಪ್ರತಿ ಮಾಡಿದ್ದಳು. ಮೂಲ ಪುಸ್ತಕ ಎಂದಿನಂತೆ ಅವಳ ಚೀಲದಲ್ಲೇ ಇತ್ತು.

"ಇದೆ," ಎಂದಳು. ಚೀಲದಿಂದ ತೆಗೆದು ಅಧಿಕಾರಿಯ ಮುಂದಿಟ್ಟಳು.

ಅಧಿಕಾರಿ ನಿಧಾನವಾಗಿ ಓದತೊಡಗಿದರು. ಆರು ಬಣ್ಣದ ಶಾಯಿ, ಪೆನ್ಸಿಲ್ಲು, ಚಹಾದ ಲೋಟದ ಗುರುತು. ಅವರ ಭುಜ ಸಡಿಲಾಯಿತು. "ಇದಪ್ಪಾ ಪುಸ್ತಕ ಅಂದ್ರೆ! ಲಾರಿ ಹೋದಾಗಲೆಲ್ಲ ಯಂತ್ರ ಅದನ್ನೇ ಸೋರಿಕೆ ಅಂತಿತ್ತು, ಅಲ್ವಾ? ನಲವತ್ತೊಂದು ಸಲ ಸೋತಿದ್ದೀರಿ. ಆಮೇಲೆ..." ಓದುತ್ತಿದ್ದವರು ಅದೇ ಓಘದಲ್ಲಿ ಗಟ್ಟಿಯಾಗಿ ಓದಿಬಿಟ್ಟರು: "'ದಿನ ಇನ್ನೂರ ಹನ್ನೆರಡು. ಅಣ್ಣ ಊಟಕ್ಕೆ ಹೋದಾಗ ಯಂತ್ರದಿಂದ ಸದ್ದು ಸೋಸುವ ಅವನ ಸೂತ್ರ ತೆಗೆದು ನನ್ನದು ಹಾಕಿದೆ. ಲಾರಿ ಸದ್ದು ಪೂರ್ತಿ ಮಾಯ. ಅಣ್ಣ ಬಂದು ನೋಡಿ ತನ್ನದೇ ಫಲಿಸಿತು ಅಂದುಕೊಂಡು ಕುಣಿದ. ಹೇಳಲಿಲ್ಲ. ಎಷ್ಟು ದಿನಕ್ಕೆ ನಕ್ಕಿದ್ದಾನೆ, ಇರಲಿ.'"

ಅಣ್ಣನಿಗೆ ಆ ದಿನ ನೆನಪಿತ್ತು. ಕೆಳಗಿನ ಅಂಗಡಿಯವನನ್ನೂ ಕರೆದು ತೋರಿಸಿದ್ದ. ಕುರ್ಚಿ ಎಲ್ಲಿದೆಯೆಂದು ಕೈಯಿಂದ ತಡಕಿ ಕೂತ.

"ಅಣ್ಣಾ, ನಾನು..."

"ಏಳು ತಿಂಗಳು ಆಗ್ತಾ ಬಂತಲ್ಲೇ," ಎಂದ ಅವನು, ಅಷ್ಟೇ.

ಅಧಿಕಾರಿ ಗಂಟಲು ಸರಿಮಾಡಿಕೊಂಡು 'ಅರ್ಹ' ಎಂಬಲ್ಲಿ ಗುರುತು ಹಾಕಿದರು. "ಮುಖ್ಯ ಸಂಶೋಧಕರು ಅನ್ನೋ ಕಡೆ ನಿಮ್ಮ ಹೆಸರಿದೆ," ಎಂದರು ಅಣ್ಣನಿಗೆ, ಈ ಸಲ ಮೆಲ್ಲಗೆ. "ಪುಸ್ತಕಕ್ಕೂ ಅರ್ಜಿಗೂ ತಾಳೆ ಆಗಬೇಕು. ತಿದ್ದಿ ಇಬ್ಬರೂ ಸಹಿ ಹಾಕಿಡಿ, ಚಹಾ ಕುಡಿದು ಬರ್ತೀನಿ." ಅರ್ಜಿಯ ಮೇಲೆ ತಮ್ಮ ಪೆನ್ನನ್ನೇ ಇಟ್ಟು ಮೆಟ್ಟಿಲಿಳಿದರು.

ಅಣ್ಣ ಎದ್ದು ಹೆಡ್‌ಫೋನ್ ಹಾಕಿಕೊಂಡ. ಯಂತ್ರವನ್ನು ಬೇಸಿನ್ನಿನ ಕೆಳಗಿನ ಕೊಳವೆಗೆ ಒತ್ತಿ ಹಿಡಿದು, ಮಂಡಿಯೂರಿ ಕಣ್ಣು ಮುಚ್ಚಿದ. ಹೊರಗೆ ಭಾರದ ಲಾರಿಯೊಂದು ಹಾದುಹೋಯಿತು. ಕಿಟಕಿಯ ಗಾಜು ಗಡಗಡ ನಡುಗಿತು, ಪೆನ್ನು ಉರುಳಿ ಟಣ್ಣನೆ ನೆಲಕ್ಕೆ ಬಿತ್ತು.

ಹೆಡ್‌ಫೋನಿನಲ್ಲಿ ಕೊಳವೆಯ ನೀರಿನ ಸದ್ದು ಮಾತ್ರ, ಲಾರಿಯದು ಇರಲೇ ಇಲ್ಲ; ಅವನು ತಿರುಗಲಿಲ್ಲ. ತಂಗಿ ಬಗ್ಗಿ ಪೆನ್ನೆತ್ತಿಕೊಂಡು, ಅವನ ಬೆನ್ನ ಹಿಂದೆ ನಿಂತಳು.