ಹೆಸರಿಲ್ಲದ ಸರದಿ

ನಮ್ಮ ಮಾವ ರಾತ್ರಿ ಹಾಸಿಗೆಯಲ್ಲೇ ಉಚ್ಚೆ ಮಾಡಿಕೊಳ್ಳತೊಡಗಿದ್ದು ಐವತ್ತೇಳನೇ ಇಸವಿಯ ದೀಪಾವಳಿ ಕಳೆದ ಮೇಲೆ. ಹಗಲಿನ ಅರಳುಮರಳಿಗೆ ಮನೆಯವರೆಲ್ಲ ಹೇಗೋ ಹೊಂದಿಕೊಂಡಿದ್ದೆವು. ಉಂಡು ಕೈ ತೊಳೆದವರೇ ಊಟ ಹಾಕಲಿಲ್ಲ ಎಂದು ಜಗಳ ತೆಗೆದರೆ ಇನ್ನೊಂದು ತುತ್ತು ಕೊಟ್ಟರಾಯಿತು. ಆದರೆ ರಾತ್ರಿಯದು ಬೇರೆ ಪಾಡು. ಬೆಳಗಾದರೆ ಒದ್ದೆ ಕಂಬಳಿ, ಪಂಚೆ, ಗೋಣಿಚೀಲ ಎಲ್ಲವನ್ನೂ ಹೊತ್ತು ಕೆರೆಗೆ ಹೋಗಬೇಕಾದವಳು ನಾನು. ಅತ್ತಿಗುಪ್ಪೆ ಆಗಿನ್ನೂ ಹಳ್ಳಿ. ಧನುರ್ಮಾಸದ ಚಳಿಯಲ್ಲಿ ಆ ಕೆರೆಗಿಳಿದು ಒಂದು ಕಂಬಳಿ ಒಗೆದು ನೋಡಿ, ಆಮೇಲೆ ನನ್ನ ಬಾಯಿ ಜೋರು ಎಂದು ಹೇಳಿ.

ಒಂದು ದಿನ ತಾಳ್ಮೆ ಕೆಟ್ಟು ನಮ್ಮ ಯಜಮಾನರ ಕಿವಿಗೆ ಹಾಕಿದೆ. ಅವರು ರಾಜಾಜಿನಗರದ ಹೊಸ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಸಂಜೆ ತಾಯಿಯ ಮುಂದೆ ಕೂತು ಹೇಳಿಯೇಬಿಟ್ಟರು.

"ಅವ್ವ, ಅಪ್ಪನ ಮಂಚ ಕೊಟ್ಟಿಗೇಲಿ ಹಾಕ್ತೀನಿ. ಕೆಳಗೆ ಹುಲ್ಲು ಹಾಸಿದ್ರೆ ಒಗೆಯೋ ಗೋಜೇ ಇರಲ್ಲ."

ನಮ್ಮತ್ತೆ ಬೋರಮ್ಮ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ನಲವತ್ತೆರಡು ವರ್ಷ ಅವ್ರ ಪಕ್ಕದಲ್ಲಿ ಮಲಗಿದೀನಿ ಕಣೋ. ಕೊಟ್ಟಿಗೇಲಿ ಹಾಕೋದಾದ್ರೆ ಎರಡು ಮಂಚ ಹಾಕು," ಎಂದರು.

ಅರವತ್ತರ ಹೆಂಗಸು ಆ ಚಳಿಯಲ್ಲಿ ದನಗಳ ಜೊತೆ ಮಲಗುವುದೆಂದರೇನು? ನನಗೆ ನಾಚಿಕೆಯಾಯಿತು. ಏನಾದರೂ ದಾರಿ ಹುಡುಕಬೇಕು ಎಂದುಕೊಂಡು ನನ್ನ ಬುದ್ಧಿವಂತಿಕೆಯನ್ನೆಲ್ಲ ಖರ್ಚು ಮಾಡಿ, ಮಾವನಿಗೆ ನೀರು ಕೊಡುವುದನ್ನೇ ಕಡಿಮೆ ಮಾಡಿದೆ. ನಾಲ್ಕೇ ದಿನಕ್ಕೆ ಅವರ ತುಟಿ ಒಡೆದು, ಮೈ ಬಿಸಿಯಾಗಿ, ಇದ್ದಬದ್ದ ನೆನಪೂ ಕಲಸಿಹೋಯಿತು. ಊರಿಗೆ ಬರುತ್ತಿದ್ದ ನರ್ಸು ನೀಲಮ್ಮ ನನಗೆ ಸರಿಯಾಗಿ ಮಂಗಳಾರತಿ ಮಾಡಿದರು.

"ನೀರು ನಿಲ್ಲಿಸಿದ್ರೆ ಸಾಯ್ತಾರೆ ಕಣಮ್ಮ. ಹಗಲೆಲ್ಲಾ ಚೆನ್ನಾಗಿ ಕುಡಿಸಿ, ದೀಪ ಹಚ್ಚಿದ ಮೇಲೆ ಕಡಿಮೆ ಮಾಡಿ. ಮಲಗೋ ಮುಂಚೆ ಒಂದ್ಸಲ, ನಡುರಾತ್ರೀಲಿ ಒಂದ್ಸಲ ಹಿತ್ತಿಲಿಗೆ ಕರ್ಕೊಂಡು ಹೋಗಿ. ದಾರೀಲಿ ಲಾಂದ್ರ ಇರಲಿ."

ಹೇಳಿದ್ದೇನೋ ಸರಿ. ಆದರೆ ನಡುರಾತ್ರಿ ಅತ್ತೆ ಎಬ್ಬಿಸಿ "ಒಂದಕ್ಕೆ ಹೋಗಿ ಬನ್ನಿ" ಎಂದರೆ ಮಾವನಿಗೆ ಅವಮಾನ. "ನಾನೇನು ಕೂಸಾ?" ಎಂದು ರೇಗಿ ಗೋಡೆ ಕಡೆ ತಿರುಗಿ ಮಲಗುವರು. ಅರ್ಧ ಗಂಟೆಗೆ ಹಾಸಿಗೆ ಒದ್ದೆ. ಆಮೇಲೆ ಒದ್ದೆ ಪಂಚೆಯನ್ನು ರಾಗಿ ಮೂಟೆಯ ಹಿಂದೆ ಬಚ್ಚಿಟ್ಟು, ಮುಖ ಮುಚ್ಚಿಕೊಂಡು ಕೂರುವರು. ಅದನ್ನು ನೋಡಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿದಿತ್ತು.

ದಾರಿ ಸಿಕ್ಕಿದ್ದು ಅಕಸ್ಮಾತ್ತಾಗಿ. ಮಾವ ಬಹಳ ವರ್ಷ ಊರಿನ ನೀರುಗಂಟಿಯಾಗಿದ್ದವರು. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವರ ಕೆಲಸ. ರಾತ್ರಿಗೊಂದು ಗದ್ದೆಯ ಸರದಿ. ಮೊದಲು ಬೈರಪ್ಪ, ಆಮೇಲೆ ವೆಂಕಟರಮಣಪ್ಪ, ಆಮೇಲೆ ಹನುಮಕ್ಕ, ನಾಲ್ಕನೆಯ ರಾತ್ರಿ ಕೆರೆ ತುಂಬಿದಾಗ ನೀರು ಹರಿದುಹೋಗುವ ಕೋಡಿಯ ಪಕ್ಕದವರು, ಮತ್ತೆ ಬೈರಪ್ಪ. ಒಂದು ರಾತ್ರಿ ಮಾವ ನಿದ್ದೆಗಣ್ಣಿನಲ್ಲಿ "ಇವತ್ತು ಯಾರ ಸರದಿ?" ಎಂದರಂತೆ. ಅತ್ತೆಯೂ ನಿದ್ದೆಗಣ್ಣಿನಲ್ಲೇ "ಬೈರಪ್ಪಂದು" ಎಂದರಂತೆ. ಮಾವ ತಟ್ಟನೆ ಎದ್ದು, ಟವೆಲ್ಲು ತಲೆಗೆ ಸುತ್ತಿ, ಹಿತ್ತಿಲಿಗೆ ನಡೆದು, ನಿಂತು ಕೆಲಸ ಮುಗಿಸಿ ಬಂದು ಮಲಗಿದರು!

ಮರುದಿನ ಅತ್ತೆ ಇದನ್ನು ಹೇಳುವಾಗ ಅವರಿಗೆ ನಗು ತಡೆಯಲಾಗಲಿಲ್ಲ. ಆ ರಾತ್ರಿ ವೆಂಕಟರಮಣಪ್ಪ, ಅದರ ಮರುದಿನ ಹನುಮಕ್ಕ. ಮೂರು ದಿನ ಕಂಬಳಿ ಒಣಗಿತ್ತು. ನಾಲ್ಕನೆಯ ದಿನ ಒದ್ದೆ. ಮತ್ತೆ ಮೂರು ದಿನ ಒಣ, ಮತ್ತೆ ಒದ್ದೆ. ಯಜಮಾನರು ಕೊಟ್ಟಿಗೆಯ ಮೂಲೆ ಗುಡಿಸಿಬಿಟ್ಟರು. "ಇನ್ನೊಂದು ಸಲ ಒದ್ದೆ ಆದ್ರೆ ಮುಗೀತು ಅವ್ವ. ನೀನೂ ಸೋತು ಹೋಗಿದೀಯ," ಎಂದರು. ಅವರು ಕೆಟ್ಟವರಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಮನೆಯ ಆ ನಾತ ತಡೆಯಲಾಗುತ್ತಿರಲಿಲ್ಲ.

ಮೂರು ಒಣ, ಒಂದು ಒದ್ದೆ. ಒಗೆಯುವವಳಿಗೆ ತಾನೇ ಲೆಕ್ಕ ಗೊತ್ತಿರುವುದು? ಮುಂದಿನ ನಾಲ್ಕನೆಯ ರಾತ್ರಿ ನಾನು ಮಲಗದೆ ನಡುಮನೆಯ ಬಾಗಿಲ ಹಿಂದೆ ಕೂತೆ. ಯಜಮಾನರು ಪಾಳಿಗೆ ಹೋಗಿದ್ದರು.

ಹೊತ್ತಿಗೆ ಸರಿಯಾಗಿ ಅತ್ತೆ ಎಬ್ಬಿಸಿದರು. "ಏಳಿ, ಕೋಡಿಯವ್ರ ಸರದಿ."

"ಕೋಡಿಯವ್ರು ಅಂದ್ರೆ ಯಾರು?"

"ಅದೇ... ಆ ಪಕ್ಕದ ಗದ್ದೆಯವ್ರು."

"ಹೆಸರು ಹೇಳು. ಹೆಸರಿಲ್ದೆ ತೂಬು ಎತ್ತಿದ್ರೆ ನಾಳೆ ಊರಲ್ಲಿ ಹೊಡೆದಾಟ ಆಗ್ತದೆ."

"ಹೋಗ್ಲಿ, ಬೈರಪ್ಪಂದು."

"ಅವ್ನದು ನಾಳೆ. ಯಾರ್ಗೆ ಮೋಸ ಮಾಡ್ತೀಯಾ?" ಮಾವ ಗೋಡೆ ಕಡೆ ತಿರುಗಿದರು.

ನನಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಕೋಡಿ ಪಕ್ಕದ ಗದ್ದೆ ಮುನಿಯಪ್ಪನದು. ನಮ್ಮ ಮಾವನ ಹೆಸರೂ ಮುನಿಯಪ್ಪ. ಬರೆಯುವುದಕ್ಕೆ ನಾಲಿಗೆ ಬೇಡವಲ್ಲ, ಅದಕ್ಕೇ ಬರೆದಿದ್ದೇನೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ ಅತ್ತೆ, ಆ ಹೆಸರಿನ ಬೇರೆ ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ನಾನಾದರೂ ಹೇಳೋಣವೆಂದು ಬಾಯಿ ತೆರೆದೆ. ಸೊಸೆಯ ನಾಲಿಗೆಯೂ ಮಾವನ ಹೆಸರಿಗೆ ಹೊರಳಲಿಲ್ಲ.

ಒಳಗೆ ಹೋಗಿ ಅತ್ತೆಯ ಕೈ ಹಿಡಿದೆ. "ಹೇಳ್ಬಿಡಿ ಅತ್ತೆ."

"ಆಯುಸ್ಸು ಕಣೇ..."

"ಕೊಟ್ಟಿಗೆ ಚಳೀಲಿ ಮಲಗಿದ್ರೆ ಆಯುಸ್ಸು ಜಾಸ್ತಿ ಆಗ್ತದಾ?"

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಕಣ್ಣು ಮುಚ್ಚಿ ಹೇಳಿದರು. "ಮುನಿಯಪ್ಪಂದು. ಮುನಿಯಪ್ಪನ ಸರದಿ."

ಮಾವ ಎದ್ದು ಕೂತರು. "ಯಾವ ಮುನಿಯಪ್ಪ?"

"ಕೋಡಿ ಮುನಿಯಪ್ಪ."

"ಮತ್ತೆ ನಾನು?"

"ನೀವೂ ಮುನಿಯಪ್ಪನೇ," ಎಂದರು ಅತ್ತೆ. ಈ ಸಲ ಕಣ್ಣು ಮುಚ್ಚಲಿಲ್ಲ.

ಮಾವ ತಲೆಗೆ ಟವೆಲ್ಲು ಸುತ್ತಿ ಹಿತ್ತಿಲಿಗೆ ಹೋದರು. ನಾವಿಬ್ಬರೂ ಉಸಿರು ಹಿಡಿದು ನಿಂತೆವು. ಸದ್ದು ಕೇಳಿಸಿತು. ಉಚ್ಚೆಯ ಸದ್ದಿಗೆ ಅಷ್ಟು ಸಂತೋಷಪಟ್ಟ ಹೆಂಗಸರು ಊರಿನಲ್ಲಿ ನಾವೇ ಇರಬೇಕು.

ವಾಪಸು ಬಂದವರು ಲಾಂದ್ರದ ಬೆಳಕಿನಲ್ಲಿ ಅತ್ತೆಯ ಮುಖವನ್ನೇ ದಿಟ್ಟಿಸಿದರು. ಏನೋ ಕೂಡಿಸಿ ಕಳೆಯುತ್ತಿದ್ದ ಹಾಗಿತ್ತು.

"ನಾನು ಮುನಿಯಪ್ಪ ಆದ್ರೆ, ನೀನು ಬೋರಿ," ಎಂದರು.

ಎಂಟು ತಿಂಗಳಿಂದ ಅವರ ಬಾಯಲ್ಲಿ ಆ ಹೆಸರು ಬಂದಿರಲಿಲ್ಲ. ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅಳತೊಡಗಿದರು. ನನಗೂ ತಡೆಯಲಾಗಲಿಲ್ಲ.

ಮಾವ ಪಕ್ಕದಲ್ಲಿ ಕೂತು ಅತ್ತೆಯ ಬೆನ್ನು ತಟ್ಟಿದರು. "ಯಾಕೇ ಅಳ್ತೀಯಾ? ನೀರು ಬಿಟ್ಟು ಬಂದೆನಲ್ಲ."

ಬೆಳಿಗ್ಗೆ ಯಜಮಾನರು ಪಾಳಿ ಮುಗಿಸಿ ಬರುವ ಹೊತ್ತಿಗೆ ಬಿಸಿಲು ಅಂಗಳಕ್ಕೆ ಬಂದಿತ್ತು. ಅವರು ಚಪ್ಪಲಿ ಬಿಡುತ್ತಿರುವಾಗಲೇ ಒಳಗಿಂದ ಅತ್ತೆಯ ದನಿ, ಬೀದಿಗೆಲ್ಲ ಕೇಳುವ ಹಾಗೆ: "ಮುನಿಯಪ್ಪ, ಮುದ್ದೆ ಆರಿಹೋಗ್ತದೆ, ಬಾ!" ಯಜಮಾನರು ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ನನ್ನ ಮುಖ ನೋಡಿದರು.

"ಇನ್ನು ಕೊಟ್ಟಿಗೆ ಮಾತು ಎತ್ತಬೇಡಿ," ಎಂದೆ. "ನಾಲ್ಕನೇ ರಾತ್ರಿದೂ ಒಣಗಿದೆ."