ಎದುರು ಮನೆಯ ಹಸಿರು ಟವೆಲು

ನಮ್ಮತ್ತೆಯ ತಂಗಿಯ ಮನೆ ನಮ್ಮ ಮನೆಯ ಎದುರಿಗೇ ಇದೆ. ನಡುವೆ ಒಂದು ರಸ್ತೆ, ಅಷ್ಟೆ. ಆ ‘ಅಷ್ಟೆ’ ಎಂಬ ಮಾತು ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ.

ಮೊದಲು ಅದು ನೆರಳಿನ ಬೀದಿ. ದರ್ಜಿಯ ಅಂಗಡಿ ಮುಂದೆ ಒಂದು ಕಲ್ಲುಬೆಂಚಿತ್ತು. ಅತ್ತೆ ಮಂಡಿನೋವಿನ ಕಾಲೆಳೆದುಕೊಂಡು, ಚಿಕ್ಕತ್ತೆ ಸೆರಗು ಸರಿಮಾಡಿಕೊಳ್ಳುತ್ತ ಸಂಜೆ ಅಲ್ಲಿಗೆ ಬರುತ್ತಿದ್ದರು. ದರ್ಜಿಯ ಹೊಲಿಗೆಗೆ ಹೆಸರಿಟ್ಟು, ಸೊಸೆಯಂದಿರಿಗೂ ಹೆಸರಿಟ್ಟು, ಕತ್ತಲಾದ ಮೇಲೆ ಏಳುತ್ತಿದ್ದರು.

ಆಮೇಲೆ ರಸ್ತೆ ಅಗಲವಾಯಿತು. ಮರ ಹೋದವು, ಬೆಂಚು ಹೋಯಿತು, ದರ್ಜಿಯೂ ಹೋದ. ನಡುವೆ ಆಳೆತ್ತರದ ಕಬ್ಬಿಣದ ಬೇಲಿ ಬಂತು. ದಾಟಬೇಕಾದರೆ ಮೆಟ್ಟಿಲು ಹತ್ತಿ ಸೇತುವೆಯ ಮೇಲೆ ಹೋಗಬೇಕು. ಆಟೋದಲ್ಲಾದರೆ ದೂರದ ಸರ್ಕಲ್‌ವರೆಗೆ ಹೋಗಿ ತಿರುಗಿ ಬರಬೇಕು.

“ಎದುರು ಮನೆಗೆ ಗಾಡೀಲಿ ಹೋಗೋದಾ? ಜನ ನಕ್ಕಾರು,” ಎಂದರು ಅತ್ತೆ. “ತಡಿ, ಬೇಲೀಲಿ ಒಂದು ಕಂಡಿ ಬಿಟ್ಟೇ ಬಿಡ್ತಾರೆ.”

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಕಂಡಿಯನ್ನು ಯಾರೂ ಬಿಡಲಿಲ್ಲ.

ಚಿಕ್ಕತ್ತೆಗೆ ಕಿವಿ ಮಂದ, ಫೋನು ದಂಡ. ಅದಕ್ಕೆ ಅಕ್ಕತಂಗಿಯರು ಒಂದು ಉಪಾಯ ಹೂಡಿದರು. ಬೆಳಿಗ್ಗೆ ತಂತಮ್ಮ ಬಾಲ್ಕನಿಯ ಕಂಬಿಗೆ ಹಸಿರು ಟವೆಲು ಹಾಕಿದರೆ ಕ್ಷೇಮ ಎಂದರ್ಥ. ಚಿಕ್ಕತ್ತೆಯದು ಯಾವಾಗಲೂ ಸೊಟ್ಟ, ಒಂದು ತುದಿ ಉದ್ದ, ಒಂದು ಗಿಡ್ಡ.

“ಮೊಮ್ಮಕ್ಕಳಾದ ಮೇಲೂ ಒಂದು ಬಟ್ಟೆ ನೆಟ್ಟಗೆ ಒಣಹಾಕೋಕೆ ಬರಲ್ಲ ಇವಳಿಗೆ,” ಎಂದು ಬೈದ ಮೇಲೇ ಅತ್ತೆಗೆ ಕಾಫಿ ರುಚಿಸುತ್ತಿದ್ದುದು.

ಒಂದು ಬೆಳಿಗ್ಗೆ ಅವರು ಬೈಯಲಿಲ್ಲ. ಲೋಟ ಕೈಯಲ್ಲೇ ಇತ್ತು.

“ಇದು ಅವಳ ಕೈ ಅಲ್ಲ,” ಎಂದರು.

ಟವೆಲು ನೆಟ್ಟಗಿತ್ತು. ನಾನು ಚಿಕ್ಕತ್ತೆಯ ಮಗಳಿಗೆ ಫೋನು ಮಾಡಿದೆ.

“ಅಮ್ಮಂಗೆ ಜ್ವರ. ‘ಅಕ್ಕ ಹೆದರ್ತಾಳೆ, ಟವೆಲು ನೀನೇ ಹಾಕು’ ಅಂದ್ಲು ಅಮ್ಮ. ದೊಡ್ಡಮ್ಮಂಗೆ ಹೇಳಬೇಡಿ,” ಎಂದಳು. ಅವಳ ದನಿಯೇ ಸರಿಯಿರಲಿಲ್ಲ.

ನನ್ನ ಮುಖ ನೋಡಿದ್ದೇ, “ಗಾಡಿ ಕರಿ,” ಎಂದರು ಅತ್ತೆ. “ಯಾರು ಬೇಕಾದ್ರೂ ನಗಲಿ.”

ಆಟೋದವರು ನಕ್ಕರು. “ಎದುರು ಮನೆಗಾ ಅಜ್ಜಿ?” ಎಂದು ಕೇಳಿ ಒಬ್ಬ ಹೊರಟ, ಇನ್ನೊಬ್ಬ ಅದನ್ನೂ ಕೇಳದೆ ಹೊರಟುಹೋದ. ಅತ್ತೆ ನನ್ನ ಭುಜ ಹಿಡಿದು ಸೇತುವೆಯ ಕಡೆ ತಿರುಗಿದರು.

ಒಂದೊಂದು ಮೆಟ್ಟಿಲಿಗೂ ನಿಂತು, ಹಲ್ಲುಕಚ್ಚಿ ಹತ್ತಿದರು. ಮೇಲೆ ತಲುಪುವಷ್ಟರಲ್ಲಿ ಎದುರು ಮನೆಯ ಬಾಗಿಲಲ್ಲಿ ಆಂಬುಲೆನ್ಸ್ ನಿಂತಿತ್ತು. ಚಿಕ್ಕತ್ತೆಯನ್ನು ಮಲಗಿಸಿ ಒಳಗೆ ಸೇರಿಸುತ್ತಿದ್ದರು. ಅತ್ತೆ ಕಂಬಿ ಹಿಡಿದು ತಂಗಿಯನ್ನು ಕೂಗಿದರು. ಆ ವಾಹನಗಳ ಗದ್ದಲದಲ್ಲಿ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಆಂಬುಲೆನ್ಸ್ ನಮ್ಮ ಕಾಲಡಿಯಲ್ಲೇ ಹಾದುಹೋಯಿತು. ನನಗೆ ಅಳು ತಡೆಯಲಾಗಲಿಲ್ಲ, ಅತ್ತೆ ಅಳಲಿಲ್ಲ.

“ನಡಿ, ಇಳಿಯೋಣ. ಅವಳು ವಾಪಸ್ ಬಂದಾಗ ನಾನು ಅವಳ ಮನೇಲಿರಬೇಕು,” ಎಂದರು.

ರಸ್ತೆ ಅಗಲವಾದ ಮೇಲೆ ಅತ್ತೆ ಆ ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ತಂಗಿಯ ಮಂಚದ ಮೇಲೆ ಕೂತು, ಹೊದಿಕೆ ಮಡಿಸಿಟ್ಟು ಕಾದರು. ಫೋನು ಬಂತು. ಆಸ್ಪತ್ರೆ ಸೇರುವ ಮೊದಲೇ ಚಿಕ್ಕತ್ತೆಯ ಉಸಿರು ನಿಂತಿತ್ತು. ಅತ್ತೆಗೆ ಆ ಮಾತು ಹೇಳಬೇಕಾದವಳು ನಾನೇ.

ಅತ್ತೆ ಎದ್ದು ಗೋಡೆ ಹಿಡಿದುಕೊಂಡು ಬಾಲ್ಕನಿಗೆ ಹೋದರು. ಎದುರಿಗೆ ನಮ್ಮ ಮನೆಯ ಟವೆಲು ಗಾಳಿಗೆ ಆಡುತ್ತಿತ್ತು. ಅವರು ಕಂಬಿಯ ಮೇಲಿದ್ದ ತಂಗಿಯ ಟವೆಲಿನ ಒಂದು ತುದಿ ಹಿಡಿದು, ಮೆಲ್ಲಗೆ ಕೆಳಗೆಳೆದು ಸೊಟ್ಟ ಮಾಡಿದರು.