ಲಗಮವ್ವನ ಬಿಸಿನೀರಿನ ಚೀಲ

ನನ್ನ ಗಂಡ ಜ್ಞಾನೇಶ್ವರ ತೀರಿಕೊಂಡ ಆರನೆಯ ದಿನ, ಗುರುವಾರ, ಬನಹಟ್ಟಿಯ ನಮ್ಮ ಓಣಿಯಲ್ಲಿ ಎಂದಿನಂತೆ ಮಗ್ಗಗಳ ಸದ್ದಿಗೆ ಎಚ್ಚರವಾಯಿತು. ಮಣ್ಣಿಗೆ ಬಂದವರೆಲ್ಲ ಹೋಗಿದ್ದರು. ಅವನ ಚಪ್ಪಲಿಗಳನ್ನು ಯಾರೋ ಬಾಗಿಲ ಹಿಂದೆ ಇಟ್ಟಿದ್ದರು. ನನಗೆ ಎಲ್ಲೋ ನೋವಿತ್ತು. ಅದು ಹೊಟ್ಟೆಯದೋ ದುಃಖದ್ದೋ ತಿಳಿಯಲಿಲ್ಲ.

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಡಾಕ್ಟರು ನನಗೆ ಆಟಿಸಂ ಇದೆ ಎಂದಿದ್ದರು. ಮೈಯೊಳಗಿನ ಸುದ್ದಿ ನನಗೆ ತಡವಾಗಿ, ವೇಷ ಬದಲಿಸಿ ಬರುತ್ತದೆ. ಹಸಿವು ಸಿಟ್ಟಿನಂತೆ ಅನಿಸುತ್ತದೆ. ಹೊಟ್ಟೆ ಕಟ್ಟಿದರೆ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಜ್ಞಾನೇಶ್ವರ ನನ್ನ ಮುಖ ನೋಡಿಯೇ, "ಯಶೋಧರಾ, ಇದು ಹೊಟ್ಟಿದು," ಎನ್ನುತ್ತಿದ್ದ. ಯಾರ ಮನೆಯಲ್ಲಿ ಊಟಕ್ಕೆ ಕುಳಿತರೂ ಮಾತಾಡುತ್ತಲೇ ನನ್ನ ತಾಟಿನ ಖಾರವನ್ನು ತನ್ನ ತಾಟಿಗೆ ಎಳೆದುಕೊಳ್ಳುತ್ತಿದ್ದ. ಬೇಡ ಎನ್ನುವ ಕೆಲಸ ನನಗೆ ಬೀಳಲೇ ಇಲ್ಲ.

ನಮ್ಮಲ್ಲಿ ಸಾವಾದ ಮನೆಯಲ್ಲಿ ಐದು ದಿನ ಒಲೆ ಹೊತ್ತಿಸುವುದಿಲ್ಲ. ಓಣಿಯವರು ಬುತ್ತಿ ತರುತ್ತಾರೆ, ತಂದವರ ಎದುರೇ ಉಣ್ಣಬೇಕು. ಕೆಂಪು ಮೆಣಸಿನಕಾಯಿಯ ರಂಜಕ, ಎಣ್ಣೆಗಾಯಿ, ಖಾರದ ಬೇಳೆ, ಎಲ್ಲವನ್ನೂ ಉಂಡೆ. ನಾಲ್ಕನೆಯ ದಿನ ಮುದುಡಿ ಮಲಗಿದಾಗ ಹೆಂಗಸರು ಗಂಡನ ಸಂಕಟವೆಂದು ಬೆನ್ನು ಸವರಿದರು. ಇರಬಹುದು ಎಂದು ನಾನೂ ನಂಬಿದೆ.

ತುಬಚಿಯಿಂದ ಬಂದಿದ್ದ ಅಣ್ಣ ಸಿದ್ದಾರ್ಥ ಹೊರಡುವಾಗ, "ನಿನ್ನ ಹೊಟ್ಟಿ ಸುದ್ದಿ ನಿನಗ ತಿಳಿಯಂಗಿಲ್ಲ. ಒಬ್ಬಾಕೆ ಹೆಂಗ ಇರ್ತಿ? ಐತವಾರ ಬರ್ತೀನಿ, ಸಾಮಾನು ಕಟ್ಟಿಡು," ಎಂದಿದ್ದ. ಜಮಖಂಡಿಯ ಕಾಲೇಜಿನ ಪ್ರಯೋಗಾಲಯದಲ್ಲಿ ನನ್ನ ಕೆಲಸವಿದೆ. ಅದನ್ನು ಬಿಡಲು ಮನಸ್ಸಿರಲಿಲ್ಲ.

ಪ್ರಯೋಗಾಲಯದಲ್ಲಿ ಕಾರಣ ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇವೆ. ಮೊದಲು ಊಟ ಬದಲಿಸಿದೆ: ಒಲೆ ಹೊತ್ತಿಸಿ ಜೋಳದ ನುಚ್ಚನ್ನು ತೆಳ್ಳಗೆ ಕುದಿಸಿದೆ. ಉಪ್ಪು ಬಿಟ್ಟು ಬೇರೇನೂ ಹಾಕಲಿಲ್ಲ. ಮೊಳೆಗೆ ಬಿಸಿನೀರಿನ ರಬ್ಬರ್ ಚೀಲ ತೂಗುತ್ತಿತ್ತು. ಹೋದ ತಿಂಗಳು ನನಗಾಗಿ ಜ್ಞಾನೇಶ್ವರ ಎದುರು ಮನೆಯ ಲಗಮವ್ವನಿಂದ ಕೇಳಿ ತಂದದ್ದು. ರಾತ್ರಿಯಿಂದ ಅದಕ್ಕೆ ಬಿಸಿನೀರು ತುಂಬಿ ಹೊಕ್ಕುಳ ಕೆಳಗೆ ಇಟ್ಟುಕೊಂಡು, ನೋವು ಹೇಗಿದೆ ಎಂದು ತಾಸಿಗೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆದೆ.

ಶುಕ್ರವಾರ ಸಂಜೆ ಕಟ್ಟಿದ್ದ ಹೊಟ್ಟೆ ಸಡಿಲವಾಯಿತು. ಬೆಳಕು ಬರೀ ಬೆಳಕಾಯಿತು. ಹೊಕ್ಕುಳ ಕೆಳಗಿನ ನೋವು ಇರಲಿಲ್ಲ. ಎದೆಯ ಗೂಡಿನ ಕೆಳಗೆ ಇನ್ನೊಂದಿತ್ತು. ಅಲ್ಲಿಯೂ ಅರ್ಧ ತಾಸು ಚೀಲ ಇಟ್ಟು ನೋಡಿದೆ. ಅದು ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. 'ಇದು ಹೊಟ್ಟೆಯದಲ್ಲ' ಎಂದು ಬರೆದೆ. ನೋವನ್ನು ಹೀಗೆ ನಾನೇ ಬೇರ್ಪಡಿಸಿದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಚೀಲ ತೆಗೆದುಕೊಂಡು ಎದುರು ಮನೆಗೆ ಹೋದೆ. ಲಗಮವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಮಂಡಿಗಳು ಬಾತಿದ್ದವು, ಆದರೂ ಚೀಲ ಇನ್ನಷ್ಟು ದಿನ ಇರಲಿ ಎಂದಳು. ಬಿಸಿ ರೊಟ್ಟಿಯ ಮೇಲೆ ಕೆಂಪು ಚಟ್ನಿ ಹಾಕಿ ತಾಟನ್ನು ನನ್ನತ್ತ ಸರಿಸಿದಳು. ನನ್ನ ಕೈ ಮುಂದೆ ಹೋಗಿತ್ತು.

"ಇದನ್ನ ಒಲ್ಲೆರಿ, ಆಯಿ," ಎಂದೆ. "ನನ್ನ ಹೊಟ್ಟಿಗಿ ಖಾರ ಒಗ್ಗಂಗಿಲ್ಲ."

ಬಡಿಯುವ ಸದ್ದು ನಿಂತಿತು. "ಎರಡು ದಿನ ನಾನೇ ಎದುರು ಕುಂತು ತಿನಿಸೀನಲ್ಲ ಬೇ. ಬಾಯಿ ಇರಲಿಲ್ಲೇನ ನಿನಗ?"

"ಇತ್ರಿ. ನಮ್ಮ ಮನಿಯವರ ಕಡೆ ಇತ್ತು."

ಲಗಮವ್ವ ಆ ಚಟ್ನಿಯನ್ನು ರೊಟ್ಟಿಯ ಸಮೇತ ತನ್ನ ತಾಟಿಗೆ ಎಳೆದುಕೊಂಡು, ನನಗೆ ಬೇರೆ ರೊಟ್ಟಿ ಕೊಟ್ಟಳು. ಬರೀ ರೊಟ್ಟಿ. ಅರ್ಧ ತಿಂದೆ. ಸಾಕು ಎಂದು ಹೊಟ್ಟೆ ಹೇಳಿತು, ಅಥವಾ ಹೇಳಿದಂತೆ ಕೇಳಿಸಿತು.

ಸಿದ್ದಾರ್ಥನಿಗೆ ಅಲ್ಲಿಂದಲೇ ಫೋನ್ ಮಾಡಿ ಐತವಾರ ಬರಬೇಡ ಎಂದೆ. ಆಮೇಲೆ ಚೀಲದ ಬಿರಡೆ ಬಿಚ್ಚಿ, ಉಳಿದಿದ್ದ ನೀರನ್ನು ಅಂಗಳದ ಮಲ್ಲಿಗೆ ಬಳ್ಳಿಗೆ ಸುರುವಿ, ಅದನ್ನು ಲಗಮವ್ವನ ಗೋಡೆಯ ಮೊಳೆಗೆ ತೂಗುಹಾಕಿದೆ.